ಒಂದು ಹುಳಕ್ಕೆ ಇಡೀ ಕಂಟೇನರ್ ವಾಪಸ್ಸಾ?

ಪ್ರಶ್ನೆ: ಮೇಡಂ, ನಾನು ಹಣ್ಣು ರಫ್ತು ಮಾಡುವವನು. ಒಳಗಿನ ಹುಳ ಸಾಯಲೆಂದು ಹಣ್ಣನ್ನು ಬಿಸಿನೀರಿನಲ್ಲಿ ಮುಳುಗಿಸುವ ಉಪಚಾರ ಮಾಡಿಸಿಯೇ ಕಳಿಸಿದ್ದೆ. ಅಲ್ಲಿ ಒಂದು ಜೀವಂತ ಹುಳ ಸಿಕ್ಕಿತು ಎಂದು ಇಡೀ ಕಂಟೇನರ್ ವಾಪಸ್ ಮಾಡಿದರು. ಅವರ ರೈತರನ್ನು ಕಾಯಲು ಇದೊಂದು ನೆಪ ಅಲ್ವಾ?

ಉತ್ತರ: ನೆಪ ಹೂಡುವವರೂ ಇದ್ದಾರೆ, ಸುಳ್ಳೇಕೆ ಹೇಳಲಿ. ನಿಮ್ಮ ವಿಷಯದಲ್ಲಿ ಮಾತ್ರ ನನಗೆ ಹಾಗೆ ಅನ್ನಿಸುತ್ತಿಲ್ಲ.

ಸಸ್ಯ ತಪಾಸಣೆಯ ಕೆಲಸದಲ್ಲಿದ್ದಾಗ ಹಣ್ಣು ಕತ್ತರಿಸುವುದೇ ನನ್ನ ದಿನಚರಿ. ಹಣ್ಣುನೊಣ ಹೊಕ್ಕ ಹಣ್ಣು ಮೇಲುನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಅಷ್ಟೇ. ಹೆಣ್ಣು ನೊಣ ಅಲ್ಲಿಂದಲೇ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಚಾಕು ಹಾಕಿದರೆ ತಿರುಳು ಮೆತ್ತಗೆ, ಕಂದು. ನಡುವೆ ಕಾಲಿಲ್ಲದ ಬಿಳಿ ಹುಳ. ಬಲಿತ ಹುಳವನ್ನು ತಟ್ಟೆಗೆ ಬಿಟ್ಟರೆ ಮೈ ಸುರುಟಿಕೊಂಡು ಚಂಗನೆ ನೆಗೆಯುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಹೌಹಾರುತ್ತಿದ್ದರು! ಅದಕ್ಕೆ ಬೇಕಾದದ್ದು ಮಣ್ಣು. ಮಣ್ಣು ಸಿಕ್ಕಿದರೆ ಕೋಶ ಕಟ್ಟುತ್ತದೆ, ನೊಣವಾಗಿ ಏಳುತ್ತದೆ.

ಯಾರೂ ಎಲ್ಲ ಹಣ್ಣನ್ನೂ ಕತ್ತರಿಸುವುದಿಲ್ಲ. 600 ಹಣ್ಣು ಕತ್ತರಿಸಿ ಒಂದರಲ್ಲೂ ಹುಳ ಸಿಗಲಿಲ್ಲ ಅನ್ನಿ. ಆಗಲೂ ಹೇಳಬಹುದಾದದ್ದು ಇಷ್ಟೇ: ಹುಳ ಹತ್ತಿದ ಹಣ್ಣು ಅರ್ಧ ಪರ್ಸೆಂಟಿಗಿಂತ ಕಡಿಮೆ. ಅದೂ ಶೇ. 95ರ ಖಾತ್ರಿಯಲ್ಲಿ. 20,000 ಹಣ್ಣಿನ ಲೋಡಿನಲ್ಲಿ ಅರ್ಧ ಪರ್ಸೆಂಟ್ ಅಂದರೆ 100 ಹಣ್ಣು! ಏನೂ ಸಿಗದಾಗಲೇ ಲೆಕ್ಕ ಹೀಗಿದ್ದರೆ, ಸಿಕ್ಕಾಗ ಹೇಗಿರಬೇಡ? ಅನ್ನ ಬೆಂದಿದೆಯಾ ನೋಡಲು ಒಂದಗುಳು ಸಾಕಲ್ಲ, ಹಾಗೆ. ಜೊತೆಗೆ ಆ ಹುಳ ಜೀವಂತ. ಅಂದರೆ ಬಿಸಿನೀರು ಎಲ್ಲೋ ಕೈಕೊಟ್ಟಿದೆ.

ಅಪಾಯ ಅಳೆಯುವವರು ಹುಳ ಇದೆಯೋ ಇಲ್ಲವೋ ಎಂದಷ್ಟೇ ನೋಡುವುದಿಲ್ಲ. ಅದು ದಾರಿಯಲ್ಲಿ ಬದುಕುತ್ತದಾ? ಇಳಿದ ಕಡೆ ಅದಕ್ಕೆ ಹಿಡಿಸುವ ಗಿಡ ಇದೆಯಾ? ಅಲ್ಲಿನ ಹವೆ ಒಗ್ಗುತ್ತದಾ? ಜೋಡಿ ಸಿಗುತ್ತದಾ? ಬೇರೂರಿದರೆ ಎಷ್ಟು ಬೇಗ ಹರಡುತ್ತದೆ, ಏನೇನು ಹಾಳಾಗುತ್ತದೆ? ಇದರಲ್ಲಿ ಒಂದು ಕೊಂಡಿ ಕಳಚಿದರೂ ಅಪಾಯ ಇಳಿಯುತ್ತದೆ. ಅದಕ್ಕೇ ಚಳಿದೇಶದವರು ಸುಮ್ನೆ ಬಿಡುವ ಹಣ್ಣನ್ನು ಬೆಚ್ಚಗಿನ ದೇಶದವರು ತಡೆಯುವುದುಂಟು. ಅದು ಪಕ್ಷಪಾತವಲ್ಲ.

ನೆಪ ಸಿಕ್ಕಿಬಿದ್ದದ್ದೂ ಇದೆ. ಫೈರ್ ಬ್ಲೈಟ್ ಎಂಬ ರೋಗದ ಹೆಸರಲ್ಲಿ ಜಪಾನ್ ಅಮೆರಿಕದ ಸೇಬಿಗೆ ಭಾರೀ ಷರತ್ತು ಹಾಕಿತ್ತು. ತೋಟದ ಸುತ್ತ 500 ಮೀಟರ್ ಜಾಗ ರೋಗವಿಲ್ಲದಂತೆ ಇರಬೇಕು, ವರ್ಷಕ್ಕೆ ಮೂರು ಸಲ ತಪಾಸಣೆ ಆಗಬೇಕು. ಬಲಿತು, ರೋಗದ ಗುರುತೇ ಇಲ್ಲದ ಸೇಬಿನಿಂದ ಇದು ಹರಡುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ವಿಶ್ವ ವ್ಯಾಪಾರ ಸಂಸ್ಥೆ 2003ರಲ್ಲಿ ಹೇಳಿತು. ಆಸ್ಟ್ರೇಲಿಯಾ ಇದೇ ರೋಗದ ಭಯಕ್ಕೆ ನ್ಯೂಜಿಲೆಂಡಿನ ಸೇಬನ್ನು 1921ರಲ್ಲಿ ನಿಲ್ಲಿಸಿತ್ತು. 2010ರಲ್ಲಿ ಅದೂ ಸೋತಿತು. ನೋಡಿ, ಎಷ್ಟು ವರ್ಷ ಎಳೆಯಿತು! ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯಗಳ ಆರೋಗ್ಯದ ಬಗ್ಗೆ ಇದೇ ಸಂಸ್ಥೆಯಲ್ಲಿ 1995ರಿಂದ ಜಾರಿಯಲ್ಲಿರುವ ಎಸ್‌ಪಿಎಸ್ ಒಪ್ಪಂದದ ಪ್ರಕಾರ ಇಂಥ ಷರತ್ತಿಗೆ ವೈಜ್ಞಾನಿಕ ಅಪಾಯ ಅಂದಾಜು ಆಧಾರವಾಗಿರಬೇಕು.

ನೀವೂ ಅದನ್ನೇ ಕೇಳಿ. ಯಾವ ಜಾತಿಯ ಹುಳ, ಯಾವ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದು ಬರಹದಲ್ಲಿ ತರಿಸಿಕೊಳ್ಳಿ. ಆಮೇಲೆ ಉಪಚಾರ ಮಾಡಿದವರ ಹತ್ತಿರ ಅವತ್ತಿನ ತಾಪಮಾನದ ದಾಖಲೆ ಕೇಳಿ. ದೊಡ್ಡ ಹಣ್ಣಿಗೆ ಜಾಸ್ತಿ ಹೊತ್ತು ಬೇಕು. ಚಿಕ್ಕದು ದೊಡ್ಡದು ಬೆರೆಸಿ ಮುಳುಗಿಸಿದ್ದರೆ ನಿಮ್ಮ ಹುಳದ ಮೂಲ ಅಲ್ಲೇ ಇರಬಹುದು.

ಪ್ರಶ್ನೆ: ಹೊರದೇಶದಿಂದ ಬರುವಾಗ ಬ್ಯಾಗಿನಲ್ಲಿದ್ದ ಜಾಮ್ ಬಾಟಲಿಗಳನ್ನೆಲ್ಲ ಬಿಟ್ಟು, ಗೇಣುದ್ದದ ಒಂದು ಗಿಡದ ಕಡ್ಡಿಯನ್ನು ಕಿತ್ತುಕೊಂಡರು. ಇದ್ಯಾವ ನ್ಯಾಯ?

ಉತ್ತರ: ಸರಿಯಾದ ನ್ಯಾಯ. ಕುದಿಸಿದ ಜಾಮಿನಲ್ಲಿ ಕೀಟ ಉಳಿಯದು. ತಿನ್ನಲು ತಂದದ್ದು ಹೊಟ್ಟೆಗೆ ಹೋಗುತ್ತದೆ. ಕಡ್ಡಿ ಮಾತ್ರ ನೇರ ಮಣ್ಣಿಗೆ ಹೋಗುತ್ತದೆ, ನೀರು ಹಾಕಿ ಸಾಕುವವರೂ ನೀವೇ! ರೋಗಾಣುವಿಗೆ ಇನ್ನೇನು ಬೇಕು? ಇಟಲಿಯ ಪುಲಿಯಾದಲ್ಲಿ 2013ರಲ್ಲಿ ಆಲಿವ್ ಮರಗಳಲ್ಲಿ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮಧ್ಯ ಅಮೆರಿಕದಿಂದ ತರಿಸಿದ ಅಲಂಕಾರಿಕ ಕಾಫಿ ಗಿಡದ ಜೊತೆ ಬಂದಿರಬೇಕು ಎಂಬುದು ಬಲವಾದ ಅನುಮಾನ. ಲಕ್ಷಾಂತರ ಮರ ಒಣಗಿದವು. ಸೋಂಕು ತಗುಲಿದ ಗಿಡ ಎಷ್ಟೋ ತಿಂಗಳು ಹಸಿರಾಗಿಯೇ ಇರಬಲ್ಲದು. ಹಾಗಾಗಿ 'ನಮ್ಮ ಕಡ್ಡಿ ಚೆನ್ನಾಗಿತ್ತು' ಎಂಬ ಮಾತಿಗೆ ಕೌಂಟರಿನಲ್ಲಿ ಬೆಲೆ ಇಲ್ಲ.

ಪ್ರಶ್ನೆ: ಪೆಟ್ಟಿಗೆ ಜೋಡಿಸುವ ಮರದ ಪ್ಯಾಲೆಟ್‌ಗೂ ಮುದ್ರೆ ಯಾಕೆ?

ಉತ್ತರ: ಮರದೊಳಗೂ ಪ್ರಯಾಣಿಕರಿರುತ್ತಾರೆ. 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಬಳಿ ಸಿಕ್ಕ, ಆಶ್ ಮರ ಕೊರೆಯುವ ಹಸಿರು ದುಂಬಿ ಏಷ್ಯಾದಿಂದ ಪ್ಯಾಕಿಂಗ್ ಮರದಲ್ಲಿ ಬಂದಿರಬೇಕು ಎನ್ನುತ್ತಾರೆ. ಅದು ಕೋಟಿಗಟ್ಟಲೆ ಮರಗಳನ್ನು ಕೊಂದಿದೆ. ಮುದ್ರೆಯಲ್ಲಿ 'ಎಚ್‌ಟಿ' ಎಂದಿದ್ದರೆ ಮರವನ್ನು ಬಿಸಿ ಮಾಡಲಾಗಿದೆ ಎಂದರ್ಥ. ಸಾಮಾನ್ಯವಾಗಿ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಮುದ್ರೆ ಅಳಿಸಿದ ಹಳೇ ಪ್ಯಾಲೆಟ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಹಣ್ಣಿನ ಕಾಗದಪತ್ರ ಎಲ್ಲ ಸರಿಯಿದ್ದರೂ ಅದೊಂದರಿಂದ ಲೋಡ್ ಬಂದರಿನಲ್ಲೇ ನಿಂತುಬಿಡಬಹುದು.