ಸಮ್ಮೇಳನಕ್ಕೆ ಹೋಗಿಬಂದರೂ ಸಿಎಂಇ ಕ್ರೆಡಿಟ್ ಏಕೆ ಸಿಗುವುದಿಲ್ಲ?

ಆ ಕಾರ್ಯಕ್ರಮಕ್ಕೆ ವೈದ್ಯರ ನೋಂದಣಿ ನೋಡಿಕೊಳ್ಳುವ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇಲ್ಲದಿದ್ದರೆ, ಮಡಿಕೇರಿಯಿಂದ ಬೆಂಗಳೂರಿಗೆ ಹೋಗಿ ಎರಡು ದಿನ ಕೂತು ಕೇಳಿ ಬಂದರೂ ಸಿಎಂಇ, ಅಂದರೆ ವೈದ್ಯರ ನಿರಂತರ ಕಲಿಕೆಯ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಕಾರಣ ಇಷ್ಟೇ. ಕ್ರೆಡಿಟ್ ಕೊಡುವುದು ಪರಿಷತ್ತು, ಆಯೋಜಕರಲ್ಲ. ಯಾವ ವಿಷಯ, ಯಾರ ಉಪನ್ಯಾಸ, ಎಷ್ಟು ಗಂಟೆ ಎಂದು ಆಯೋಜಕರು ಮುಂಚಿತವಾಗಿ ಅರ್ಜಿ ಹಾಕಬೇಕು; ಅದನ್ನು ನೋಡಿ ಪರಿಷತ್ತು ಕ್ರೆಡಿಟ್ ಗಂಟೆಗಳನ್ನು ನಿಗದಿ ಮಾಡುತ್ತದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ "ಮಾನ್ಯತೆ ಬಂದಿದೆಯೇ, ಎಷ್ಟು ಗಂಟೆಗೆ?" ಎಂದು ಕೇಳಿ. ಅರ್ಜಿ ಹಾಕಿದ್ದೇವೆ ಎಂಬ ಉತ್ತರ ಸಾಲದು. ಹಾಜರಿ ಪುಸ್ತಕದಲ್ಲಿ ಹೆಸರಿನ ಜೊತೆ ನಿಮ್ಮ ನೋಂದಣಿ ಸಂಖ್ಯೆಯನ್ನು ಬಿಡಿಸಿ ಬರೆಯಿರಿ. ಒಂದು ಅಂಕಿ ತಪ್ಪಿದರೂ ಆ ಗಂಟೆಗಳು ನಿಮ್ಮವೆಂದು ಗುರುತಿಸುವುದು ಕಷ್ಟ. ಪ್ರಮಾಣಪತ್ರದ ಫೋಟೋವನ್ನು ಅಂದೇ ತೆಗೆದಿಡಿ.

ಕರ್ನಾಟಕದಲ್ಲಿ ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 30 ಗಂಟೆ ಬೇಕು, ಅಂದರೆ ವರ್ಷಕ್ಕೆ 6. ಕೊಡಗಿನವರು ಇದನ್ನು ಕೊನೆಯ ವರ್ಷಕ್ಕೆ ಉಳಿಸಿಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ; ಗುಡ್ಡ ಜರಿದು ರಸ್ತೆ ಬಂದ್ ಆಗುವುದೂ ಉಂಟು. ಸೋಮವಾರಪೇಟೆ, ವಿರಾಜಪೇಟೆ ಕಡೆಯ ಹಳ್ಳಿಯಲ್ಲಿ ಒಬ್ಬರೇ ಡಾಕ್ಟರ್ ಇದ್ದರೆ, ಅವರು ಹೊರಟ ದಿನ ರೋಗಿಗಳಿಗೆ ಯಾರೂ ಇರುವುದಿಲ್ಲ. ಹಾಗಾಗಿ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮಾನ್ಯತೆ ಪಡೆದ ಕಾರ್ಯಕ್ರಮವಿದೆಯೇ ಎಂದು ಮೊದಲು ವಿಚಾರಿಸಿ. ಮೈಸೂರು, ಬೆಂಗಳೂರಿನ ದೊಡ್ಡ ಸಮ್ಮೇಳನಗಳನ್ನು ಮಳೆ ನಿಂತ ಮೇಲಿನ ತಿಂಗಳುಗಳಿಗೆ ಇಟ್ಟುಕೊಳ್ಳಿ.