ಸಂಪಾದಕರ ಉತ್ತರ: ನಾದಿನಿಯ ಹಣವನ್ನೂ ಬರೆದಿಡಿ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರು, ಹೆಸರು ಬೇಡವೆಂದು ಕೋರಿ, ಹೀಗೆ ಬರೆದಿದ್ದಾರೆ: ಬೆಂಗಳೂರಿನಲ್ಲಿ ಚಾಲಕರಾಗಿರುವ ಪತಿ ತಿಂಗಳ ಹಣವನ್ನು ತಮ್ಮ ತಾಯಿಯ ಖಾತೆಗೇ ಹಾಕುತ್ತಾರೆ, ಹಸು, ತೆಂಗಿನ ತೋಟ ಎರಡನ್ನೂ ನೋಡಿಕೊಳ್ಳುವ ತಾವು ಸೋಪಿಗೂ ಅತ್ತೆಯ ಮುಂದೆ ಕೈಯೊಡ್ಡಬೇಕು, ಇದು ನ್ಯಾಯವೇ?

ನ್ಯಾಯವಲ್ಲ. ಗಂಡ ಊರು ಬಿಟ್ಟು ದುಡಿಯಲು ಹೋದಾಗ ಹೊಲಮನೆಯ ಕೆಲಸವೆಲ್ಲ ಸೊಸೆಯ ಹೆಗಲಿಗೆ ಬಂದರೂ ಹಣದ ಗಂಟು ಅತ್ತೆಯ ಸೆರಗಿನಲ್ಲೇ ಉಳಿಯುವುದು ನಮ್ಮ ಕಡೆ ಹೊಸತಲ್ಲ. ಸರ್ಕಾರವೂ ಅದೇ ಜಾಡಿನಲ್ಲಿದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಗೆ ಮನೆಯ ಹಿರಿಯ ಮಹಿಳೆಯೇ ಮುಖ್ಯಸ್ಥೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಆ ಚೀಟಿಯಲ್ಲಿರುವ ಯಜಮಾನಿಗೇ ಸಲ್ಲುತ್ತದೆ. ಹಣ ಹೆಂಗಸಿನ ಕೈಸೇರಿದ್ದು ಒಳ್ಳೆಯದೇ, ಆದರೆ ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರಿರುತ್ತಾರೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಮಾತ್ರ ನಿಮ್ಮ ಪತ್ರದ ಕೊನೆಯ ಸಾಲು: “ಗಾರ್ಮೆಂಟ್ಸ್‌ನಲ್ಲಿರುವ ನಾದಿನಿಯೂ ಅಷ್ಟಿಷ್ಟು ಕಳಿಸುತ್ತಾಳೆ.” ಆ ಅಷ್ಟಿಷ್ಟು ಎಷ್ಟು? ಮಗ ಕಳಿಸಿದ್ದು ಕೊಳವೆ ಬಾವಿಯಾಗಿಯೋ ಆರ್‌ಸಿಸಿ ಮನೆಯಾಗಿಯೋ ಊರಿನ ಕಣ್ಣಿಗೆ ಬೀಳುತ್ತದೆ. ಮಗಳದ್ದು ‘ಅವಳ ಮದುವೆಗೆ’ ಎಂದು ಶುರುವಾಗಿ ದಿನಸಿಯಲ್ಲಿ, ತಮ್ಮನ ಫೀಸಿನಲ್ಲಿ, ಸಂಘದ ಕಂತಿನಲ್ಲಿ ಕರಗಿಹೋಗಿ, ಕಡೆಗೆ ಮದುವೆಗೆ ಮಾಡಿದ ಸಾಲವೂ ಅವಳ ತಲೆಯ ಮೇಲೆಯೇ ಬರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ಕರ್ನಾಟಕವಂತೂ ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ 1994ರಲ್ಲೇ ಆ ಹಕ್ಕು ಕೊಟ್ಟಿತ್ತು. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಸಹಿ ಹಾಕಿಸಿಕೊಳ್ಳುವ ದಿನ, ಅವಳು ಕಳಿಸಿದ ಹಣ ಯಾರಿಗೂ ನೆನಪಾಗುವುದಿಲ್ಲ.

ಅತ್ತೆಯ ಖಾತೆಗೆ ಹಾಕುವುದನ್ನು ನಿಲ್ಲಿಸಿರೆಂದು ಪತಿಗೆ ಹೇಳಬೇಡಿ, ಅವರಿಗೂ ಮಾತ್ರೆ ಔಷಧಿಗೆ ಕೈಯಲ್ಲಿ ಕಾಸು ಬೇಕು. ಮನೆಖರ್ಚಿನ ಪಾಲು ನಿಮ್ಮ ಖಾತೆಗೆ ಬರಲಿ ಎಂದಷ್ಟೇ ಕೇಳಿ. ಡೈರಿಗೆ ಹಾಲು ಹಾಕುವವರು ನೀವು. ಆ ಪಾಸ್‌ಬುಕ್ ಯಾರ ಹೆಸರಿನಲ್ಲಿದೆ ಎಂದು ಮಾತ್ರ ಬರೆದಿಲ್ಲ. ಹಾಲಿನದು, ಕಾಯಿಯದು, ಪತಿಯದು, ನಾದಿನಿಯದು ಎಲ್ಲವನ್ನೂ ತಾರೀಕು ಸಹಿತ ಒಂದೇ ಪುಸ್ತಕದಲ್ಲಿ ಬರೆಯುತ್ತಾ ಬನ್ನಿ. ಗೌರಿ ಹಬ್ಬಕ್ಕೆ ನಾದಿನಿ ತವರಿಗೆ ಬಂದಾಗ ಅದನ್ನು ಅವಳಿಗೂ ತೋರಿಸಿ.