ಫೋನು ಅಮ್ಮನ ಕೈಯಲ್ಲಿರಲಿ, ಪಕ್ಕದಲ್ಲಿ ನೀವಿರಿ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: “ಊರಿನ ಸಂಜೆಯ ಸಾಕ್ಷರತಾ ತರಗತಿಗೆ ಬರುವವರು ಕಡಿಮೆಯಾದರು. ಈಗ ಪಾಠದ ವಿಡಿಯೊಗಳನ್ನು ಫೋನಿಗೆ ಕಳಿಸುತ್ತಾರೆ. 56 ವರ್ಷದ ನನ್ನ ಅಮ್ಮ ಎರಡು ದಿನ ನೋಡಿ, ‘ಇದು ನನಗಲ್ಲ’ ಎಂದು ಬಿಟ್ಟರು. ಫೋನಿನಲ್ಲಿ ಅಕ್ಷರ ಕಲಿಯೋದು ಸಾಧ್ಯವಾ?”

ಸಾಧ್ಯ. ಆದರೆ ಸುಮ್ನೆ ವಿಡಿಯೊ ಕಳಿಸಿಬಿಟ್ಟರೆ ಸಾಲದು.

ಮೊದಲಿಗೆ, ಆ ಫೋನು ಯಾರದ್ದು? ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನು ಮಗನದ್ದೋ ಗಂಡನದ್ದೋ ಆಗಿರುತ್ತದೆ. ಅವರು ರಾತ್ರಿ ಮನೆ ಸೇರುವ ಹೊತ್ತಿಗೆ ಅಮ್ಮ ರೊಟ್ಟಿ ಬಡಿಯುತ್ತಿರುತ್ತಾರೆ. ಪಾಠ ನೋಡೋದು ಯಾವಾಗ? ದಿನಕ್ಕೆ ಅರ್ಧ ಗಂಟೆ ಫೋನು ಅವರದ್ದೇ ಆಗಲಿ. ಆ ಹೊತ್ತಲ್ಲಿ ಯಾರೂ ಕೇಳಬಾರದು.

1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನೂ ಪಾಠ ಹೇಳಿದ್ದೇನೆ. ದಣಿವಾಗಿ ಜನ ತರಗತಿ ಬಿಡುತ್ತಾರೆ ಎಂದುಕೊಂಡಿದ್ದೆವು. ನಾಚಿಕೆಯೇ ಜಾಸ್ತಿ ಇತ್ತು. ಸೊಸೆ ವಯಸ್ಸಿನವರ ಮುಂದೆ ‘ಸ’ ತಪ್ಪಾಗಿ ಬರೆಯೋದು ಹೇಗೆ? ಒಬ್ಬಾಕೆ ಸ್ಲೇಟನ್ನು ಸೆರಗಿನಡಿ ಮರೆಮಾಡಿಕೊಂಡೇ ಬರೆಯುತ್ತಿದ್ದರು. ಫೋನಿನ ದೊಡ್ಡ ಉಪಕಾರ ಇಲ್ಲಿದೆ. ಅದೇ ಪಾಠವನ್ನು ಹತ್ತು ಸಲ ಹಾಕಿಕೊಳ್ಳಬಹುದು, ತಪ್ಪಿದ್ದನ್ನು ಯಾರೂ ನೋಡುವುದಿಲ್ಲ.

ಆದರೆ ಕೈಯೂ ಕಲಿಯಬೇಕು, ಅಲ್ವಾ? ರ, ಗ, ಸ, ದ, ಅ ಎಂದು ಶುರು ಮಾಡುವ ಪದ್ಧತಿ ನಮ್ಮಲ್ಲಿದೆ. ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಬೇಗನೆ ಪೂರ್ತಿ ಪದ ಓದಿದ ಖುಷಿ ಸಿಗುತ್ತದೆ, ಈ ವಯಸ್ಸಿನಲ್ಲಿ ಅದು ಬಹಳ ಮುಖ್ಯ. ಪರದೆಯ ಮೇಲೆ ‘ಅ’ ಚೆಂದವಾಗಿ ಮೂಡುತ್ತದೆ. ಪೆನ್ನು ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕು ಎನ್ನುವುದು ಮಾತ್ರ ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಒಬ್ಬರು ಕೂತು ಕೈ ಹಿಡಿಯಲೇಬೇಕು.

ಕೇಂದ್ರ ಸರ್ಕಾರದ ‘ಉಲ್ಲಾಸ್’ (2022–27) ಸಾಕ್ಷರತಾ ಕಾರ್ಯಕ್ರಮವೂ ಇದನ್ನೇ ನಂಬಿದೆ. ಅಕ್ಷರ ಬಾರದ, 15 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು. ಪಾಠಗಳು ‘ದೀಕ್ಷಾ’ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ತಾಣದಲ್ಲಿವೆ, ಕಲಿಸುವವರು ಸ್ವಯಂಸೇವಕರು. ಕೊನೆಗೆ 150 ಅಂಕಗಳ ಪರೀಕ್ಷೆ. ಓದು, ಬರಹ, ಲೆಕ್ಕಕ್ಕೆ ತಲಾ 50. ಬರಹದ ಆ 50 ಬರೀ ವಿಡಿಯೊ ನೋಡಿದರೆ ಬರುವುದಿಲ್ಲ. ನೀವೇ ಸ್ವಯಂಸೇವಕರಾಗಿ ಹೆಸರು ಕೊಡಿ. ಊರಿನ ತರಗತಿಯನ್ನು ವಾರಕ್ಕೊಂದು ಸಂಜೆಯಾದರೂ ಉಳಿಸಿಕೊಡಿ ಎಂದು ನಡೆಸುವವರನ್ನು ಕೇಳಿ.

ಅಮ್ಮ ಮಹಿಳಾ ಸಂಘದಲ್ಲಿದ್ದರೆ ಅಲ್ಲಿನ ಇಬ್ಬರು ಗೆಳತಿಯರನ್ನೂ ಕರೆಯಿರಿ. ಮೊದಲ ದಿನ ವಿಡಿಯೊ ಬೇಡ, ಪಾಸ್‌ಬುಕ್ ತೆರೆಯಿರಿ. ಅದರಲ್ಲಿ ಅವರ ಹೆಸರಿದೆ, ಅವರು ಕೂಡಿಟ್ಟ ದುಡ್ಡಿನ ಲೆಕ್ಕವಿದೆ.